ರೂಮಿಗಿಂತ ಮೊದಲು ರಸ್ತೆಯನ್ನು ನೋಡುತ್ತೇನೆ

2012ರ ಮಳೆಗಾಲದಲ್ಲಿ ಪುಣೆಯ ರೈಲು ನಿಲ್ದಾಣದ ಎದುರಿನ ಒಂದು ಲಾಡ್ಜಿಗೆ ನಾನು ತಲುಪಿದಾಗ ರಾತ್ರಿ ಹನ್ನೊಂದೂವರೆಯಾಗಿತ್ತು. ರೈಲು ಎರಡು ಗಂಟೆ ತಡವಾಗಿತ್ತು. ಹುಬ್ಬಳ್ಳಿಯ ನಮ್ಮ ಲೆಕ್ಕಪರಿಶೋಧನಾ ಕಚೇರಿಯಿಂದ ಎರಡು ದಿನ ಮೊದಲೇ ಫೋನ್ ಮಾಡಿ ರೂಮ್ ಕಾಯ್ದಿರಿಸಿದ್ದರು. ಆದರೆ ಲಾಡ್ಜಿನ ಪುಸ್ತಕದಲ್ಲಿ ಬರೆದುಕೊಂಡಿದ್ದುದು ನನ್ನ ಇನಿಶಿಯಲ್ ಮತ್ತು ಅಡ್ಡಹೆಸರು ಮಾತ್ರ. ಕೌಂಟರಿನಲ್ಲಿದ್ದವರು ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲ ಕಡೆ ಎರಡು ಸಲ ನೋಡಿ, ಯಾರೂ ಬರದಿದ್ದಾಗ ಪುಸ್ತಕ ಮುಚ್ಚಿದರು. ಒಂಟಿ ಹೆಂಗಸರಿಗೆ ರೂಮ್ ಕೊಡುವ ಪದ್ಧತಿ ತಮ್ಮಲ್ಲಿಲ್ಲ ಎಂದರು. ಪಕ್ಕದ ಎರಡು ಲಾಡ್ಜುಗಳಲ್ಲಿಯೂ ಅದೇ ಉತ್ತರ ಬಂತು. ನಾನು ನಿಲ್ದಾಣಕ್ಕೆ ಮರಳಿ, ಮಹಿಳೆಯರ ನಿರೀಕ್ಷಣಾ ಕೊಠಡಿಯಲ್ಲಿ ಬ್ಯಾಗನ್ನು ಕಾಲಿಗೆ ಸಿಕ್ಕಿಸಿಕೊಂಡು ಬೆಳಗಿನವರೆಗೆ ಕುಳಿತೆ. ಬೆಳಿಗ್ಗೆ ಅಲ್ಲಿಯೇ ಮುಖ ತೊಳೆದು ಹತ್ತು ಗಂಟೆಗೆ ಕಕ್ಷಿದಾರರ ಕಚೇರಿಯಲ್ಲಿ ಹಾಜರಾದೆ.

ಅಂದಿನಿಂದ ಇಂದಿನವರೆಗೆ ತಿಂಗಳಿಗೆ ಆರೇಳು ರಾತ್ರಿಗಳನ್ನು ನಾನು ಪರವೂರಿನಲ್ಲಿ ಕಳೆಯುತ್ತಿದ್ದೇನೆ. ಕಚೇರಿ ಕೊಡುವ ಭತ್ಯೆಯಲ್ಲಿ ದೊಡ್ಡ ಹೋಟೆಲುಗಳು ಸಿಗುವುದಿಲ್ಲವಾದ್ದರಿಂದ, ಇದ್ದುದರಲ್ಲಿಯೇ ಸುರಕ್ಷಿತವಾದುದನ್ನು ಹುಡುಕುವ ಕ್ರಮವೊಂದನ್ನು ನನ್ನದೇ ತಪ್ಪುಗಳಿಂದ ಕಲಿತುಕೊಂಡಿದ್ದೇನೆ. ಪುಣೆಯ ರಾತ್ರಿ ಕಲಿಸಿದ ಮೊದಲ ವಿಷಯವೆಂದರೆ, ಎಷ್ಟೇ ಆ್ಯಪ್‌ಗಳು ಬಂದರೂ ಹೋಟೆಲಿಗೆ ನಾನೇ ಫೋನ್ ಮಾಡಿ ಮಾತಾಡಬೇಕು ಎಂಬುದು. ಒಬ್ಬಳೇ ಬರುತ್ತಿದ್ದೇನೆಂದು ಹೇಳಬೇಡ ಎಂದು ಮನೆಯವರೂ ಸ್ನೇಹಿತೆಯರೂ ಎಚ್ಚರಿಸುವುದುಂಟು. ಆಟೋದವರಿಗೆ, ರೈಲಿನಲ್ಲಿ ಪಕ್ಕದಲ್ಲಿ ಕುಳಿತವರಿಗೆ ನಾನೂ ಹೇಳುವುದಿಲ್ಲ. ಆದರೆ ಹೋಟೆಲಿಗೆ ಮಾತ್ರ ಮೊದಲ ವಾಕ್ಯದಲ್ಲಿಯೇ ಹೇಳುತ್ತೇನೆ: ನಾನು ಮಹಿಳೆ, ಒಬ್ಬಳೇ ಬರುತ್ತೇನೆ, ಇಷ್ಟು ಗಂಟೆಗೆ ತಲುಪುತ್ತೇನೆ. ಆಗ ಆ ಕಡೆಯಿಂದ ಬರುವ ದನಿಯೇ ಅರ್ಧ ವಿಷಯವನ್ನು ತಿಳಿಸುತ್ತದೆ. "ಬನ್ನಿ ಮೇಡಂ, ಎಷ್ಟು ಹೊತ್ತಾದರೂ ಕೌಂಟರಿನಲ್ಲಿ ಜನ ಇರುತ್ತಾರೆ" ಎನ್ನುವವರಿದ್ದಾರೆ. "ಒಬ್ಬರೇನಾ? ಮ್ಯಾನೇಜರನ್ನು ಕೇಳಿ ಹೇಳುತ್ತೇವೆ" ಎನ್ನುವವರಿದ್ದಾರೆ, ಅಂಥ ಕಡೆ ನಾನು ಎರಡನೆಯ ಸಲ ಫೋನ್ ಮಾಡುವುದಿಲ್ಲ. "ಯಾಕೆ ಒಬ್ಬರೇ ಬರುತ್ತಿದ್ದೀರಿ, ಏನು ಕೆಲಸ" ಎಂದು ಬೇಡದ ಆಸಕ್ತಿ ತೋರಿದ ಇಬ್ಬರು ಮೂವರ ಹೋಟೆಲುಗಳ ಹೆಸರು ನನ್ನ ನೋಟ್‌ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿವೆ.

ಎರಡನೆಯ ಸಲ ರಾತ್ರಿ ಹತ್ತರ ನಂತರ ಇನ್ನೊಮ್ಮೆ ಕರೆ ಮಾಡುವುದು ನನ್ನ ಅಭ್ಯಾಸ. ಹಗಲು ಕೌಂಟರಿನಲ್ಲಿ ಇರುವವರೇ ಬೇರೆ, ರಾತ್ರಿ ಇರುವವರೇ ಬೇರೆ. ನನಗೆ ತೊಂದರೆಯಾಗಬಹುದಾದದ್ದು ರಾತ್ರಿಯ ಪಾಳಿಯಲ್ಲಿ. ಹಾಗಾಗಿ ಫೋನ್ ಎತ್ತಲು ಯಾರಾದರೂ ಎದ್ದಿರುತ್ತಾರೆಯೇ ಎಂಬುದನ್ನು ಆ ಹೊತ್ತಿಗೇ ಪರೀಕ್ಷಿಸುವುದು ಒಳ್ಳೆಯದು.

ಇದಕ್ಕಿಂತಲೂ ಹೆಚ್ಚು ಸಮಯವನ್ನು ನಾನು ಕೊಡುವುದು ರಸ್ತೆಗೆ. ಚೆನ್ನೈಗೆ ಮೊದಲ ಸಲ ಹೋದಾಗ ಕಕ್ಷಿದಾರರ ಕಚೇರಿಗೆ ಹತ್ತಿರವೆಂದು ತಿರುವಲ್ಲಿಕ್ಕೇಣಿಯಲ್ಲಿ, ಅಂದರೆ ಟ್ರಿಪ್ಲಿಕೇನಿನಲ್ಲಿ, ರೂಮ್ ಹಿಡಿದಿದ್ದೆ. ಚಿತ್ರಗಳಲ್ಲಿ ರೂಮ್ ಸ್ವಚ್ಛವಾಗಿತ್ತು, ನಿಜವಾಗಿಯೂ ಸ್ವಚ್ಛವಾಗಿಯೇ ಇತ್ತು. ಆದರೆ ಟ್ರಿಪ್ಲಿಕೇನ್ 'ಮ್ಯಾನ್ಷನ್'ಗಳಿಗೆ ಹೆಸರಾದ ಜಾಗ. ಊರು ಬಿಟ್ಟು ಕೆಲಸಕ್ಕೆ ಬಂದ ಗಂಡಸರು ತಿಂಗಳ ಬಾಡಿಗೆಗೆ ಇರುವ ಹಳೆಯ ಕಟ್ಟಡಗಳು ಅವು. ನಾನಿದ್ದ ಬೀದಿಯ ಎರಡೂ ಬದಿ ಅಂಥವೇ ಇದ್ದವು. ಯಾರೂ ನನಗೆ ಕೆಡುಕು ಮಾಡಲಿಲ್ಲ, ಒಂದು ಮಾತನ್ನೂ ಆಡಲಿಲ್ಲ. ಆದರೂ ಸಂಜೆ ಊಟಕ್ಕೆ ಇಳಿದಾಗ ಬೀದಿಯಲ್ಲಿ, ಮೆಸ್ಸಿನಲ್ಲಿ, ಟೀ ಅಂಗಡಿಯಲ್ಲಿ ನಾನೊಬ್ಬಳೇ ಹೆಂಗಸಾಗಿದ್ದೆ. ಮೂರು ರಾತ್ರಿಯೂ ಏಳು ಗಂಟೆಯೊಳಗೆ ಬಾಳೆಹಣ್ಣು, ಬಿಸ್ಕತ್ತು ತಂದಿಟ್ಟುಕೊಂಡು ರೂಮಿನಲ್ಲಿಯೇ ಉಳಿದೆ. ಮುಂದಿನ ಸಲದಿಂದ ಪೂನಮಲ್ಲಿ ಹೈರೋಡಿನಲ್ಲಿರುವ, ಯುವತಿಯರ ಕ್ರೈಸ್ತ ಸಂಘವಾದ ವೈಡಬ್ಲ್ಯೂಸಿಎಯ ಅತಿಥಿಗೃಹಕ್ಕೆ ಹೋಗತೊಡಗಿದೆ. ಮರಗಳಿರುವ ಆವರಣ, ಎಗ್ಮೋರ್ ನಿಲ್ದಾಣಕ್ಕೂ ಸೆಂಟ್ರಲ್ ನಿಲ್ದಾಣಕ್ಕೂ ದೂರವಲ್ಲದ ಜಾಗ; ಅಲ್ಲಿ ರೂಮ್ ಸಿಗದಿದ್ದರೆ ಮಾತ್ರ ಬೇರೆ ಹುಡುಕುತ್ತೇನೆ.

ಆದ್ದರಿಂದ ಈಗ ನಕ್ಷೆಯಲ್ಲಿ ನಾನು ನೋಡುವುದು ರೈಲು, ಬಸ್ಸು ಅಥವಾ ಮೆಟ್ರೊ ಇಳಿದ ಮೇಲೆ ನಡೆಯಬೇಕಾದ ಕೊನೆಯ ಇನ್ನೂರು ಮುನ್ನೂರು ಮೀಟರನ್ನು. ಆ ದೂರದಲ್ಲಿ ಒಂದು ಔಷಧ ಅಂಗಡಿ, ಕುಟುಂಬಗಳು ಬರುವ ಒಂದು ಹೋಟೆಲು, ಸಾಧ್ಯವಾದರೆ ಒಂದು ಆಸ್ಪತ್ರೆ ಇರಬೇಕು. ಆಸ್ಪತ್ರೆ ಯಾಕೆಂದರೆ ಅದರ ಸುತ್ತ ರಾತ್ರಿಯಿಡೀ ದೀಪ, ಆಟೋ, ಎಚ್ಚರವಾಗಿರುವ ಜನ ಇರುತ್ತಾರೆ, ಅವರಲ್ಲಿ ಹೆಂಗಸರೂ ಇರುತ್ತಾರೆ. 2022ರಿಂದ ಗೂಗಲ್ ನಕ್ಷೆಯಲ್ಲಿ ನಮ್ಮ ದೊಡ್ಡ ಊರುಗಳ ಬೀದಿಗಳ ಚಿತ್ರಗಳನ್ನೇ ನೋಡಲು ಸಾಧ್ಯವಾಗಿರುವುದು ನನ್ನಂಥವರಿಗೆ ದೊಡ್ಡ ಅನುಕೂಲ. ಹೋಟೆಲಿನ ಬಾಗಿಲು ಮುಖ್ಯರಸ್ತೆಗೆ ತೆರೆಯುತ್ತದೆಯೇ ಅಥವಾ ಪಕ್ಕದ ಸಂದಿಗೆ ತೆರೆಯುತ್ತದೆಯೇ, ಎದುರಿಗೆ ಖಾಲಿ ಸೈಟಿದೆಯೇ ಎಂಬುದು ಅದರಲ್ಲಿ ಕಾಣುತ್ತದೆ. ನಾನು ವಿಶೇಷವಾಗಿ ಹುಡುಕುವುದು ಕೆಳಗಡೆ ಬಾರ್ ಇದೆಯೇ ಎಂಬುದನ್ನು. ಕರ್ನಾಟಕದ ಜಿಲ್ಲಾ ಕೇಂದ್ರಗಳಲ್ಲಿ ಕೆಳಗೆ ಬಾರ್ ಅಂಡ್ ರೆಸ್ಟೋರೆಂಟ್, ಮೇಲೆ ಲಾಡ್ಜಿಂಗ್ ಇರುವ ಕಟ್ಟಡಗಳು ಬಹಳ. ಎರಡಕ್ಕೂ ಒಂದೇ ಮೆಟ್ಟಿಲು ಇದ್ದರೆ ರಾತ್ರಿ ಒಂಬತ್ತಕ್ಕೆ ಆ ಮೆಟ್ಟಿಲು ಹತ್ತುವುದು ಹೇಗಿರುತ್ತದೆ ಎಂಬುದನ್ನು ನಾನು ದಾವಣಗೆರೆಯಲ್ಲಿ ಒಮ್ಮೆ ಅನುಭವಿಸಿದ್ದು ಸಾಕು.

ಮುಂಬಯಿಯಲ್ಲಿ ಕೆಲಸ ಎಲ್ಲಿಯೇ ಇರಲಿ, ನಾನು ಮಾಟುಂಗಾದ ಸುತ್ತಮುತ್ತಲೇ ಇಳಿದುಕೊಳ್ಳುತ್ತೇನೆ. ಇದರಲ್ಲಿ ಭಾಷೆಯ ಮೋಹವೂ ಸ್ವಲ್ಪ ಇದೆಯೆಂದು ಒಪ್ಪಿಕೊಳ್ಳುತ್ತೇನೆ. ಭಾವು ದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್ ಇದೆ, ನಿಲ್ದಾಣದ ಬಳಿ ಉಡುಪಿ ಊಟವಿದೆ, ಹೂವಿನ ಅಂಗಡಿಗಳ ಮುಂದೆ ಬೆಳಿಗ್ಗೆಯೂ ಸಂಜೆಯೂ ಹೆಂಗಸರೇ ತುಂಬಿರುತ್ತಾರೆ. ಮಾಟುಂಗಾ ನಿಲ್ದಾಣವನ್ನು 2017ರಲ್ಲಿ ಪೂರ್ತಿಯಾಗಿ ಮಹಿಳಾ ಸಿಬ್ಬಂದಿಗೇ ಒಪ್ಪಿಸಲಾಯಿತು. ಟಿಕೆಟ್ ಕೊಡುವವರಿಂದ ರಕ್ಷಣಾ ಸಿಬ್ಬಂದಿಯವರೆಗೆ ಮಹಿಳೆಯರೇ ಇರುವ ನಿಲ್ದಾಣದಲ್ಲಿ ರಾತ್ರಿ ಇಳಿಯುವಾಗ ಹೆಜ್ಜೆ ತಾನಾಗಿಯೇ ನಿಧಾನವಾಗುತ್ತದೆ. ದಿನಕ್ಕೆ ಒಂದು ಗಂಟೆ ಹೆಚ್ಚು ಪ್ರಯಾಣವಾದರೂ, ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ ಆ ಒಂದು ಗಂಟೆ ನನಗೆ ಭಾರವೆನಿಸುವುದಿಲ್ಲ. ಬೆಂಗಳೂರಿನಲ್ಲಿಯೂ ಇದೇ ಲೆಕ್ಕಾಚಾರ. ಹುಬ್ಬಳ್ಳಿಯ ರಾತ್ರಿ ಬಸ್ಸು ಮೆಜೆಸ್ಟಿಕ್ ಮುಟ್ಟುವುದು ನಸುಕಿನಲ್ಲಿ. ಗಾಂಧಿನಗರದ ಲಾಡ್ಜುಗಳು ಕೂಗಿದರೆ ಕೇಳುವಷ್ಟು ಹತ್ತಿರವಿದ್ದರೂ, ನಾನು ಬಸ್ ನಿಲ್ದಾಣದ ಒಳಗೆಯೇ ಕಾಫಿ ಕುಡಿದು, ಮೆಟ್ರೊ ಆರಂಭವಾದ ಮೇಲೆ ಹಸಿರು ಮಾರ್ಗದಲ್ಲಿ ಮುಂದಿನ ನಿಲ್ದಾಣವಾದ ಸಂಪಿಗೆ ರಸ್ತೆಗೆ ಹೋಗಿ ಮಲ್ಲೇಶ್ವರದಲ್ಲಿ ಉಳಿದುಕೊಳ್ಳುತ್ತೇನೆ.

ದೆಹಲಿಯಲ್ಲಿ ಕಲಿತದ್ದು ಬೇರೆ ಪಾಠ. ನವದೆಹಲಿ ನಿಲ್ದಾಣದ ಪಹಾಡ್‌ಗಂಜ್ ಬದಿಯಲ್ಲಿ ಹೊರಬಂದಾಗ ಆಟೋದವರೊಬ್ಬರು, ನಾನು ಹೆಸರು ಹೇಳಿದ ಹೋಟೆಲು ಮುಚ್ಚಿಹೋಗಿದೆ, ಬೇರೆ ಕಡೆ ಕರೆದೊಯ್ಯುತ್ತೇನೆ ಎಂದು ಬಹಳ ಕಾಳಜಿಯಿಂದ ಹೇಳಿದರು. ಅವರ ಎದುರಿಗೇ ಹೋಟೆಲಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಕಾಳಜಿ ಅಲ್ಲಿಗೇ ಮುಗಿಯಿತು. ಅದಾದ ಮೇಲೆ ಮೆಟ್ರೊ ಇರುವ ಅಜ್ಮೇರಿ ಗೇಟ್ ಬದಿಯಿಂದಲೇ ಹೊರಬರುತ್ತೇನೆ. ಮತ್ತೊಂದು ಪಾಠ ನನ್ನ ಅನುಭವದ್ದಲ್ಲ. 2019ರ ಫೆಬ್ರವರಿ 12ರ ನಸುಕಿನಲ್ಲಿ ಕರೋಲ್‌ಬಾಗಿನ ಹೋಟೆಲೊಂದಕ್ಕೆ ಬೆಂಕಿ ಬಿದ್ದು 17 ಜನ ತೀರಿಕೊಂಡರು. ಅದರ ಹಿಂದಿನ ತಿಂಗಳಷ್ಟೇ ನಾನು ಆ ಬಡಾವಣೆಯಲ್ಲಿ ಆರನೆಯ ಮಹಡಿಯ ಮೂಲೆಯ ರೂಮನ್ನು, ಓಡಾಟ ಕಡಿಮೆ ಎಂಬ ಕಾರಣಕ್ಕೆ, ಕೇಳಿ ಪಡೆದಿದ್ದೆ. ಕಳ್ಳರಿಗೆ ಹೆದರಿ ಮೇಲೆ ಮೇಲೆ ಹೋಗುವ ನಾವು ಬೆಂಕಿಯನ್ನು ಮರೆತೇಬಿಡುತ್ತೇವೆ. ಈಗ ನೆಲಮಹಡಿಯೂ ಬೇಡ, ಮೂರಕ್ಕಿಂತ ಮೇಲೆಯೂ ಬೇಡ ಎನ್ನುತ್ತೇನೆ. ಬ್ಯಾಗ್ ಇಡುವ ಮೊದಲು ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿದ್ದಾರೆಯೇ, ಅಲ್ಲಿ ಹಳೆಯ ಹಾಸಿಗೆಗಳನ್ನು ಪೇರಿಸಿಟ್ಟಿದ್ದಾರೆಯೇ ಎಂದು ನಡೆದು ನೋಡಿ ಬರುತ್ತೇನೆ.

ಕೌಂಟರಿನಲ್ಲಿ ಮೂರು ನಿಮಿಷದ ಕೆಲಸ. ಆಧಾರ್ ಪ್ರತಿ ಕೇಳಿದರೆ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಪ್ರತಿ ಕೊಡುತ್ತೇನೆ. ನೋಂದಣಿ ಪುಸ್ತಕ ಮುಂದೆ ಬರುವವರೆಲ್ಲರ ಕಣ್ಣಿಗೆ ಬೀಳುವಂತೆ ತೆರೆದೇ ಇರುವುದರಿಂದ ಫೋನ್ ಸಂಖ್ಯೆಯ ಜಾಗದಲ್ಲಿ ಕಚೇರಿಯ ಸಂಖ್ಯೆ ಬರೆಯುತ್ತೇನೆ. ರೂಮ್ ನಂಬರನ್ನು ಹುಡುಗನಿಗೆ ಕೂಗಿ ಹೇಳಿದರೆ, ಅದೂ ಲಾಬಿಯಲ್ಲಿ ನಾಲ್ಕು ಜನ ಕುಳಿತಿದ್ದರೆ, ಸಂಕೋಚವಿಲ್ಲದೆ ಬೇರೆ ರೂಮ್ ಕೇಳುತ್ತೇನೆ.

ರೂಮಿನೊಳಗೆ ಹೋದ ಮೇಲೆ, ಹುಡುಗ ಇನ್ನೂ ಅಲ್ಲಿರುವಾಗಲೇ, ಬಾಗಿಲು ತೆರೆದಿಟ್ಟುಕೊಂಡು ನೋಡುತ್ತೇನೆ. ಹೈದರಾಬಾದಿನ ಒಂದು ಹೋಟೆಲಿನಲ್ಲಿ ಗೋಡೆಯುದ್ದಕ್ಕೂ ಇಳಿಬಿಟ್ಟಿದ್ದ ದಪ್ಪ ಪರದೆಯನ್ನು ಕಿಟಕಿಯದೆಂದು ಸರಿಸಿದಾಗ ಅಲ್ಲಿ ಇನ್ನೊಂದು ಬಾಗಿಲಿತ್ತು. ಪಕ್ಕದ ರೂಮಿಗೆ ಹೋಗುವ ಬಾಗಿಲು. ನನ್ನ ಬದಿಯ ಚಿಲಕ ಕಿತ್ತುಹೋಗಿ, ಬಣ್ಣ ಬಳಿದ ಮರದಲ್ಲಿ ನಾಲ್ಕು ಮೊಳೆಯ ತೂತುಗಳು ಮಾತ್ರ ಉಳಿದಿದ್ದವು. ಆ ಕಡೆಯಿಂದ ಹಾಕಿದೆ ಎಂದು ಹುಡುಗ ಹೇಳಿದ. ಆ ಕಡೆ ಯಾರಿದ್ದಾರೆ ಎಂದು ಕೇಳಿದೆ. ಅವನು ಮಾತಾಡದೆ ನನ್ನ ಬ್ಯಾಗನ್ನು ಎತ್ತಿಕೊಂಡು ಬೇರೆ ರೂಮಿನ ಕಡೆ ನಡೆದ. ಚುರುಕಾದ ಹುಡುಗ, ಅವನಿಗೆ ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟೆ.

ರಹಸ್ಯ ಕ್ಯಾಮೆರಾಗಳ ಭಯ ಈಗ ಎಲ್ಲರಲ್ಲಿಯೂ ಇದೆ, ಅದು ಸುಳ್ಳು ಭಯವೂ ಅಲ್ಲ. ಒಪ್ಪಿಗೆಯಿಲ್ಲದೆ ಹೆಣ್ಣಿನ ಖಾಸಗಿ ಕ್ಷಣಗಳನ್ನು ನೋಡುವುದು, ಚಿತ್ರಿಸುವುದು 2013ರ ತಿದ್ದುಪಡಿಯಿಂದಲೇ ಪ್ರತ್ಯೇಕ ಅಪರಾಧವಾಗಿದೆ, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 77ನೆಯ ಸೆಕ್ಷನ್. ಹಾಸಿಗೆಗೂ ಬಚ್ಚಲಿಗೂ ಮುಖ ಮಾಡಿರುವ ಸಾಕೆಟ್, ಗಡಿಯಾರ, ಹೊಗೆ ಪತ್ತೆ ಮಾಡುವ ಡಬ್ಬಿಗಳನ್ನು ನಾನೂ ನೋಡುತ್ತೇನೆ. ಆದರೆ ನಮ್ಮ ಸಾಧಾರಣ ಲಾಡ್ಜುಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ತೊಂದರೆಗೆ ಯಾವ ತಂತ್ರಜ್ಞಾನವೂ ಬೇಕಿಲ್ಲ: ಬಚ್ಚಲಿನ ವೆಂಟಿಲೇಟರಿನಲ್ಲಿ ಒಂದೆರಡು ಗಾಜಿನ ಪಟ್ಟಿಗಳು ಬಿದ್ದುಹೋಗಿರುತ್ತವೆ, ಅದರಾಚೆ ಪೈಪುಗಳ ಓಣಿಯೋ ಕಾರಿಡಾರೋ ಇರುತ್ತದೆ. ಇದಕ್ಕಾಗಿ ಒಂದು ಹಳೆಯ ಕಪ್ಪು ದುಪಟ್ಟಾ ಮತ್ತು ಬಟ್ಟೆ ಕ್ಲಿಪ್ಪುಗಳು ನನ್ನ ಬ್ಯಾಗಿನಲ್ಲಿ ಸದಾ ಇರುತ್ತವೆ. ಅವುಗಳ ಜೊತೆಗೆ ಬಾಗಿಲ ಅಡಿಗೆ ತುರುಕುವ ಒಂದು ರಬ್ಬರ್ ಬೆಣೆ. ಬಾಗಿಲು ಒಳಕ್ಕೆ ತೆರೆಯುವಂಥದ್ದಾದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಹೊರಕ್ಕೆ ತೆರೆಯುವ ಬಾಗಿಲಿಗೆ ಮೇಲಿನ ಚಿಲಕವೇ ಗತಿ. ಇಷ್ಟಾದ ಮೇಲೆ ಬಾಗಿಲ ಮೇಲಿನ ನಂಬರ್ ಕಾಣುವಂತೆ ಒಂದು ಫೋಟೋ ತೆಗೆದು ತಂಗಿಗೆ ಕಳಿಸುತ್ತೇನೆ. ಅವ್ವನಿಗೆ ಕಳಿಸುವುದಿಲ್ಲ, ಕಳಿಸಿದರೆ ಅವಳು ರಾತ್ರಿಯಿಡೀ ಆ ಬಾಗಿಲನ್ನೇ ನೋಡುತ್ತಾ ಕೂರುತ್ತಾಳೆ.

ರಾತ್ರಿ ಹತ್ತು ದಾಟಿದ ಮೇಲೆ ತಲುಪುವ ರೈಲುಗಳಿಗೆ ಮಾತ್ರ ನನ್ನ ಕ್ರಮವೇ ಬೇರೆ. ಆ ರಾತ್ರಿ ಊರೊಳಗೆ ಹೋಗುವುದೇ ಇಲ್ಲ. ಖಚಿತವಾದ ಟಿಕೆಟಿನ ಪಿಎನ್‌ಆರ್ ಇದ್ದರೆ ಐಆರ್‌ಸಿಟಿಸಿಯಲ್ಲಿ ನಿಲ್ದಾಣದ ವಿಶ್ರಾಂತಿ ಕೊಠಡಿಯನ್ನು ಮೊದಲೇ ಕಾಯ್ದಿರಿಸಬಹುದು. ಗೋಡೆಯ ಬಣ್ಣ ಸುಲಿದಿರುತ್ತದೆ, ರೈಲುಗಳ ಘೋಷಣೆ ಮಲಗಗೊಡುವುದಿಲ್ಲ. ಆದರೆ ಪ್ಲಾಟ್‌ಫಾರ್ಮಿನಿಂದ ಹಾಸಿಗೆಯವರೆಗೆ ನಡೆಯಬೇಕಾದ ದಾರಿಯಲ್ಲಿ ಎಲ್ಲಿಯೂ ದೀಪ ಆರಿರುವುದಿಲ್ಲ. ಕಳೆದ ತಿಂಗಳು ಪುಣೆಗೆ ಹೋದಾಗ ಹಾಗೆಯೇ ಮಾಡಿದೆ. ಬೆಳಿಗ್ಗೆ ಹೊರಬಂದು ನೋಡಿದರೆ ಆ ಹಳೆಯ ಲಾಡ್ಜಿನ ಫಲಕಕ್ಕೆ ಹೊಸ ಬಣ್ಣ ಬಳಿದಿದ್ದರು, ಹೆಸರಿನ ಕೆಳಗೆ 'ಕುಟುಂಬಗಳಿಗೆ ಮಾತ್ರ' ಎಂದು ಮರಾಠಿಯಲ್ಲಿ ಬರೆಸಿದ್ದರು. ಅದರ ಮುಂದಿನ ಗಾಡಿಯಲ್ಲಿ ಒಂದು ಪ್ಲೇಟ್ ಪೋಹೆ ತಿಂದು ಆಟೋ ಹತ್ತಿದೆ.