ದುಬಾರಿ ಬಿಡಿಭಾಗ ಸೈಕಲ್ಲಿನ ಯಾವ ಜಾಗಕ್ಕೆ?

ನನ್ನ ಸೈಕಲ್ಲಿನ ಬಿಡಿಭಾಗಗಳು ಒಂದೇ ದರ್ಜೆಯವಲ್ಲ. ಚೌಕಟ್ಟು ಸಾಧಾರಣ ಕ್ರೋಮೊಲಿ ಉಕ್ಕಿನದು, ಗೇರಿನ ಸಲಕರಣೆಗಳು ಜಪಾನಿನ ಶಿಮಾನೊ ಕಂಪನಿಯ ಶ್ರೇಣಿಯಲ್ಲಿ ಆರಂಭದ ದರ್ಜೆಯ ಕ್ಲಾರಿಸ್‌ಗಿಂತ ಒಂದೇ ಮೆಟ್ಟಿಲು ಮೇಲಿರುವ ಸೋರಾ, ಗಾಲಿಯ ನಡುವೆ ಅಚ್ಚಿನ ಸುತ್ತ ತಿರುಗುವ ಹಬ್‌ಗಳು ಅದೇ ಕಂಪನಿಯ ನಡುಮಟ್ಟದ ಡಿಯೋರೆ, ಟೈರ್‌ಗಳು ಮಾತ್ರ ಅಂಗಡಿಯ ಕಪಾಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆಯ ಚೀಟಿ ಅಂಟಿಸಿಕೊಂಡು ಕೂತಿರುವಂಥವು. ಬ್ರೆವೆ ಎಂಬ, ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗಳ ಆರಂಭದಲ್ಲಿ ಇದನ್ನು ಗಮನಿಸಿದವರು ಈ ಬೆರಕೆಯ ಹಿಂದೆ ಏನಾದರೂ ಲೆಕ್ಕವಿದೆಯೇ ಎಂದು ಕೇಳುವುದುಂಟು. ಇದೆ. ಆಗುಂಬೆಯ ಮಳೆಯಲ್ಲೂ ಚಳ್ಳಕೆರೆಯ ಬಿಸಿಲಿನಲ್ಲೂ ಹಲವು ವರ್ಷ ಸವಾರಿ ಮಾಡಿ, ರಿಪೇರಿಯನ್ನೆಲ್ಲ ಶಿವಮೊಗ್ಗದ ಮನೆಯ ಜಗಲಿಯಲ್ಲೇ ಮಾಡಿಕೊಳ್ಳುತ್ತ ಬಂದುದರಿಂದ ಹುಟ್ಟಿದ ಲೆಕ್ಕ ಅದು.

ಬೆಲೆ ಏರಿದಂತೆ ನಿಜವಾಗಿ ಬದಲಾಗುವುದು ಏನು ಎಂಬುದನ್ನು ಮೊದಲು ನೋಡಬೇಕು. ಜೊತೆಗೆ ಸವಾರಿ ಮಾಡುವ ಗೆಳೆಯರೊಬ್ಬರ ಸೈಕಲ್ಲಿನಲ್ಲಿ ಶಿಮಾನೊದ ಅತಿ ಮೇಲಿನ ದರ್ಜೆಯಾದ ಡ್ಯೂರಾ-ಏಸ್ ಇದೆ. ಅದನ್ನು ಬಿಚ್ಚಿ ತೊಳೆದು ಜೋಡಿಸುವ ಕೆಲಸವೂ ನನ್ನ ಪಾಲಿಗೇ ಬರುವುದರಿಂದ ಎರಡು ದರ್ಜೆಗಳನ್ನೂ ಕೈಯಲ್ಲಿ ಹಿಡಿದು ನೋಡುವ ಅವಕಾಶ ನನಗೆ ಸಿಕ್ಕಿದೆ. 11 ಗೇರುಗಳ ತಲೆಮಾರಿನಲ್ಲಿ, 11ರಿಂದ 28 ಹಲ್ಲುಗಳ ಕ್ಯಾಸೆಟ್ (ಹಿಂದಿನ ಹಲ್ಲುಗಾಲಿಗಳ ಗೊಂಚಲು) ನಡುವಿನ 105 ದರ್ಜೆಯಲ್ಲಿ ಸುಮಾರು 284 ಗ್ರಾಂ ತೂಗಿದರೆ ಅದರ ಮೇಲಿನ ಅಲ್ಟೆಗ್ರಾದಲ್ಲಿ 251, ಡ್ಯೂರಾ-ಏಸ್‌ನಲ್ಲಿ 193 ಗ್ರಾಂ ತೂಗುತ್ತದೆ. ಈ 90 ಗ್ರಾಂ ಉಳಿತಾಯಕ್ಕೆ ನಾಲ್ಕು ಪಟ್ಟಿನ ಆಸುಪಾಸು ಬೆಲೆ ಕೊಡಬೇಕು. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ಎಂದಿಟ್ಟುಕೊಳ್ಳಿ. ಒಂದು ಗಂಟೆ ಹಿಡಿಯುವ ಘಾಟಿಯ ಏರಿನಲ್ಲಿ ಒಂದು ಕಿಲೋ ಇಳಿಸಿದರೆ ಉಳಿಯುವುದು ಹೆಚ್ಚೆಂದರೆ 45 ಸೆಕೆಂಡು. 90 ಗ್ರಾಂಗೆ ಲೆಕ್ಕ ಹಾಕಿದರೆ ನಾಲ್ಕು ಸೆಕೆಂಡು. ಅಷ್ಟೇ ಅಲ್ಲ, ತೂಕ ಇಳಿಸಲೆಂದು ಡ್ಯೂರಾ-ಏಸ್‌ನ ದೊಡ್ಡ ಹಲ್ಲುಗಾಲಿಗಳನ್ನು ಟೈಟಾನಿಯಂನಲ್ಲಿ ಮಾಡಿರುತ್ತಾರೆ, ಮತ್ತು ಟೈಟಾನಿಯಂ ಉಕ್ಕಿಗಿಂತ ಬೇಗ ಸವೆಯುತ್ತದೆ. ನಾಲ್ಕು ಸೆಕೆಂಡುಗಳಲ್ಲಿ ಪಂದ್ಯ ಗೆಲ್ಲುವ ಅಥವಾ ಸೋಲುವ, ಬಿಡಿಭಾಗಗಳನ್ನು ತಂಡದಿಂದಲೇ ಪಡೆಯುವ ಸವಾರನಿಗೆ ಅದು ಸರಿಯಾದ ವಸ್ತು. ತಂಗುದಾಣದಲ್ಲಿ ಎರಡು ಇಡ್ಲಿ ತಿನ್ನಲು 20 ನಿಮಿಷ ಕೂರುವ ನನ್ನಂಥವನಿಗೆ ಅಲ್ಲ.

ಹಾಗೆಂದು ಮೇಲಿನ ದರ್ಜೆಯೆಲ್ಲ ಬರೀ ಹೊಳಪು ಎನ್ನಲಾರೆ. ಕ್ಲಾರಿಸ್‌ನಿಂದ 105ರವರೆಗೆ ಏರುವಾಗ ಗೇರುಗಳ ಸಂಖ್ಯೆ ಹೆಚ್ಚುತ್ತದೆ, ಲಿವರಿನ ಚಲನೆ ಗಟ್ಟಿಯೂ ಸ್ಪಷ್ಟವೂ ಆಗುತ್ತದೆ. 105ರಿಂದ ಮೇಲಕ್ಕೆ ಹೋದರೆ ಕೆಲಸದಲ್ಲಿ ಕಾಣುವ ವ್ಯತ್ಯಾಸ ತೀರ ಕಡಿಮೆ, ತೂಕದಲ್ಲಿ ಮಾತ್ರ ವ್ಯತ್ಯಾಸ ಮುಂದುವರಿಯುತ್ತದೆ. ನನ್ನ ಸೋರಾ ಮಟ್ಟಿಗೆ ಹೇಳುವುದಾದರೆ, ಅದರ ಜೊತೆ ಬಂದ ಕೇಬಲ್‌ಗಳನ್ನು ತೆಗೆದು ಒಳ್ಳೆಯ ಸ್ಟೇನ್‌ಲೆಸ್ ತಂತಿಯನ್ನೂ ಹೊಸ ಹೊರಕವಚವನ್ನೂ ಹಾಕಿದಾಗ ಗೇರ್ ಬದಲಾವಣೆಯಲ್ಲಿ ಆದ ಸುಧಾರಣೆ, ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಅನ್ನು ಒಂದು ದರ್ಜೆ ಮೇಲಿನದು ಕೊಂಡರೂ ಆಗುತ್ತಿರಲಿಲ್ಲ. ಖರ್ಚು ಅದರ ಒಂದಂಶವೂ ಅಲ್ಲ. (2021ರ ಡ್ಯೂರಾ-ಏಸ್‌ನಲ್ಲಂತೂ ಗೇರನ್ನು ಎಳೆಯುವ ಕೇಬಲ್ಲೇ ಇಲ್ಲ, ಬರೀ ವಿದ್ಯುತ್ತು, ಬ್ಯಾಟರಿ ಚಾರ್ಜ್ ಮಾಡಲು ಮರೆಯುವವರು ಆ ಕಡೆ ನೋಡದಿರುವುದೇ ಲೇಸು.)

ಚೈನ್ ಮತ್ತು ಕ್ಯಾಸೆಟ್ ಸವೆಯಲೆಂದೇ ಇರುವ ಭಾಗಗಳಾದ್ದರಿಂದ ಅಲ್ಲಿ ನಾನು ನಡುವಿನ ದರ್ಜೆಯನ್ನು ಕೊಂಡು, ಸರಿಯಾದ ಹೊತ್ತಿಗೆ ಬದಲಿಸುತ್ತೇನೆ. ಇದಕ್ಕೆ ಒಂದು ಉಕ್ಕಿನ ಅಡಿಪಟ್ಟಿ ಸಾಕು. ಪಟ್ಟಿಯ ಸೊನ್ನೆಯನ್ನು ಚೈನಿನ ಒಂದು ಪಿನ್ನಿನ ಅಂಚಿಗೆ ಹಿಡಿದರೆ, ಹೊಸ ಚೈನಿನಲ್ಲಿ 24 ಕೊಂಡಿಗಳಾಚೆಯ ಪಿನ್ನಿನ ಅದೇ ಅಂಚು ಸರಿಯಾಗಿ 12 ಅಂಗುಲದ ಗೆರೆಯ ಮೇಲೆ ಬರುತ್ತದೆ. ಅದು ಗೆರೆಯನ್ನು ಅಂಗುಲದ 16ನೇ ಒಂದು ಭಾಗದಷ್ಟು ದಾಟಿದಾಗ ಚೈನ್ ಬದಲಿಸಿದರೆ ಕ್ಯಾಸೆಟ್ ಉಳಿಯುತ್ತದೆ. ಎಂಟನೇ ಒಂದು ಭಾಗ ದಾಟುವವರೆಗೆ ಬಿಟ್ಟರೆ ಕ್ಯಾಸೆಟ್ಟೂ ಚೈನಿನ ಜೊತೆಗೇ ಹೋಗುತ್ತದೆ. ಮಲೆನಾಡಿನ ಕೆಂಪು ಕೆಸರು ಎಣ್ಣೆಯ ಜೊತೆ ಸೇರಿ ಅರೆಯುವಾಗ ಚೈನಿನ ಮೇಲೆ ಯಾವ ದರ್ಜೆಯ ಹೆಸರು ಕೆತ್ತಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹಬ್‌ಗಳ ವಿಷಯ ಬೇರೆ. ತೀರ ಅಗ್ಗದ ಹಬ್ಬನ್ನು ಒಂದು ಮಳೆಗಾಲ ಓಡಿಸಿ ಬಿಚ್ಚಿದರೆ ಒಳಗಿನ ಗ್ರೀಸು ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ, ಎಂದರೆ ನೀರು ಒಳಗೆ ಹೋಗಿದೆ. ಗುಂಡುಗಳು ಓಡುವ ಕೋನಿನ ಹಾದಿಯಲ್ಲಿ ಸೂಜಿಮೊನೆಯಿಂದ ಕುಕ್ಕಿದಂಥ ಕಪ್ಪು ಕುಳಿಗಳು ಕಾಣುತ್ತವೆ, ಅಚ್ಚನ್ನು ಬೆರಳ ತುದಿಯಲ್ಲಿ ತಿರುಗಿಸಿದರೆ ಮರಳು ಸಿಕ್ಕಿದಂತೆ ಗರಗರ ಎನ್ನುತ್ತದೆ. ಕೋನ್ ಹೊಸದು ಸಿಗುತ್ತದೆ, ಗುಂಡುಗಳು ಸಿಗುತ್ತವೆ. ಆದರೆ ಹಬ್ಬಿನ ಮೈಯೊಳಗೆ ಒತ್ತಿ ಕೂರಿಸಿದ ಬಟ್ಟಲಿನಲ್ಲಿ ಕುಳಿ ಬಿದ್ದರೆ ಹಬ್ಬನ್ನೇ ಎಸೆಯಬೇಕು, ಹಬ್ ಹೋದರೆ ಇಡೀ ಗಾಲಿಯನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಡಿಯೋರೆಯಂಥ ನಡುಮಟ್ಟದ ಹಬ್ಬಿನಲ್ಲಿ ರಬ್ಬರ್ ಸೀಲು ಬಿಗಿಯಾಗಿದೆ, ಹಾದಿಯ ಹೊಳಪು ನುಣುಪಾಗಿದೆ. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಹಿಂದಿನ ಹಬ್ಬಿನ ಒಂದೊಂದು ಬದಿಗೂ ಕಾಲು ಅಂಗುಲದ ಒಂಬತ್ತು ಹೊಸ ಗುಂಡುಗಳನ್ನು ಗ್ರೀಸಿನಲ್ಲಿ ಕೂರಿಸುವುದಷ್ಟೇ ನನಗೆ ಉಳಿದಿರುವ ಕೆಲಸ. ಅದಕ್ಕೂ ಮೇಲೆ ಸೆರಾಮಿಕ್ ಬೇರಿಂಗ್ ಎಂಬುದೊಂದಿದೆ. ಅದರಲ್ಲಿ ಗುಂಡು ತುಕ್ಕು ಹಿಡಿಯುವುದಿಲ್ಲವೆಂಬುದು ನಿಜ, ಆದರೆ ಗುಂಡು ಓಡುವ ಹಾದಿ ಸಾಮಾನ್ಯವಾಗಿ ಉಕ್ಕಿನದೇ, ಅದು ಹಿಡಿಯುತ್ತದೆ. ಉಳಿಯುವ ಶಕ್ತಿಯಾದರೋ ಒಂದೆರಡು ವ್ಯಾಟ್ ಕೂಡ ಆಗಲಾರದು.

ಅದೇ ಹಣವನ್ನು ಟೈರಿಗೆ ಹಾಕಿದರೆ ಫಲ ಬೇರೆಯೇ. ದಪ್ಪ ರಬ್ಬರಿನ, ಗಡಸು ಮೈಯ ಟೈರಿಗೂ ಮೃದುವಾದ ಒಳ್ಳೆಯ ಟೈರಿಗೂ ಗಂಟೆಗೆ ಸುಮಾರು 29 ಕಿಲೋಮೀಟರ್ ವೇಗದಲ್ಲಿ ಒಂದೊಂದಕ್ಕೆ 10 ವ್ಯಾಟ್‌ವರೆಗೂ ಅಂತರ ಬರುತ್ತದೆ. ದಿನವಿಡೀ 150 ವ್ಯಾಟ್ ಆಸುಪಾಸಿನಲ್ಲಿ ತುಳಿಯುವವನಿಗೆ, ಎರಡೂ ಗಾಲಿ ಸೇರಿ, ಅದು ಸಣ್ಣ ಮೊತ್ತವಲ್ಲ. ಆದರೆ ಅತಿ ವೇಗದ ಪಂದ್ಯದ ಟೈರ್ ಹಾಕಿಕೊಂಡು ಚಳ್ಳಕೆರೆ, ಬಳ್ಳಾರಿಯ ಕಡೆ ಹೋಗಲಾಗದು. ರಸ್ತೆಯಂಚಿಗೆ ಬಿದ್ದ ಬಳ್ಳಾರಿ ಜಾಲಿಯ ಮುಳ್ಳು ಬಿಡುವುದಿಲ್ಲ. ಹೆದ್ದಾರಿಯ ಅಂಚಿನಲ್ಲಿ ಇನ್ನೊಂದು ಶತ್ರುವಿದೆ: ಸಿಡಿದ ಲಾರಿ ಟೈರುಗಳಿಂದ ಉದುರಿದ, ಕೂದಲಿಗಿಂತ ಸ್ವಲ್ಪ ದಪ್ಪದ ಉಕ್ಕಿನ ಎಳೆ. ಟ್ಯೂಬಿಗೆ ತೇಪೆ ಹಾಕಿ ಗಾಳಿ ತುಂಬಿದ ಮೇಲೂ ಅದು ಟೈರಿನಲ್ಲೇ ಅವಿತಿದ್ದು ಮತ್ತೆ ಚುಚ್ಚುತ್ತದೆ. ಟೈರಿನ ಒಳಮೈಯಲ್ಲಿ ಹತ್ತಿಯ ಚೂರೊಂದನ್ನು ಎಳೆದುಕೊಂಡು ಹೋದರೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಎಳೆಯಿದೆ, ಇಕ್ಕಳದಿಂದ ಕಿತ್ತು ತೆಗೆಯಬೇಕು. ನೆತ್ತಿಯ ಕೆಳಗೆ ತೆಳ್ಳಗಿನ ರಕ್ಷಣಾ ಪದರವಿದ್ದೂ ಮೈ ಮೃದುವಾಗಿರುವ ಟೈರ್ ಬೇಕೆಂದರೆ ದುಬಾರಿ ಸಾಲಿನಲ್ಲೇ ಹುಡುಕಬೇಕು. ಟೈರೂ ಸವೆಯುವ ಭಾಗವೇ, ಚೈನಿಗೆ ಹೇಳಿದ ಮಾತು ಇದಕ್ಕೇಕಿಲ್ಲ ಎಂದು ಕೇಳಬಹುದು. ಚೈನಿನಲ್ಲಿ ಹೆಚ್ಚಿನ ಹಣಕ್ಕೆ ಸಿಗುವುದು ಕೆಲವು ಗ್ರಾಂಗಳ ಉಳಿತಾಯ. ಟೈರಿನಲ್ಲಿ ಸಿಗುವುದು ವೇಗ, ಹಿಡಿತ ಮತ್ತು ರಾತ್ರಿ ಹೊತ್ತು ಹಿರಿಯೂರಿನಾಚೆ ಕತ್ತಲಲ್ಲಿ ಗಾಲಿ ಬಿಚ್ಚುತ್ತ ಕೂರದಿರುವ ಅನುಕೂಲ.

ಗಾಲಿಗಳನ್ನು ಕಾರ್ಖಾನೆಯಿಂದ ಸಿದ್ಧವಾಗಿ ಕೊಳ್ಳದೆ 36 ಕಡ್ಡಿಗಳನ್ನು ಹಾಕಿ ಕಟ್ಟಿಸಿದ್ದೇನೆ. ಹಿಂದಿನ ಗಾಲಿಯ ಕಡ್ಡಿ ಸಾಮಾನ್ಯವಾಗಿ ಗೇರಿನ ಬದಿಯಲ್ಲಿ, ಹಬ್ಬಿನ ಹತ್ತಿರ ಬಾಗುವ ಮೊಣಕೈಯಲ್ಲಿ ಮುರಿಯುತ್ತದೆ; ಭಾರ ಹೆಚ್ಚಾಯಿತೆಂದಲ್ಲ, ಬಿಗಿತ ಸಾಲದ ಕಡ್ಡಿ ಸುತ್ತಿಗೊಮ್ಮೆ ಸಡಿಲಗೊಂಡು ಮತ್ತೆ ಬಿಗಿಯಾಗುತ್ತ ದಣಿದು ಹೋಗುವುದರಿಂದ. ಹಾಗಾಗಿ ಇಲ್ಲಿ ಹಣ ಸಲ್ಲಬೇಕಾದದ್ದು ರಿಮ್ಮಿನ ಹೆಸರಿಗಲ್ಲ, ನಡುವೆ ತೆಳುವಾಗಿ ತುದಿಗಳಲ್ಲಿ ದಪ್ಪವಾಗಿರುವ ಒಳ್ಳೆಯ ಕಡ್ಡಿಗಳಿಗೆ ಮತ್ತು ಎಲ್ಲ ಕಡ್ಡಿಗಳನ್ನೂ ಸಮನಾಗಿ ಬಿಗಿಯುವ ಮೇಸ್ತ್ರಿಯ ಕೈಗೆ. 20 ಚಪ್ಪಟೆ ಕಡ್ಡಿಗಳ ದುಬಾರಿ ಗಾಲಿಯಲ್ಲಿ ಒಂದು ಮುರಿದರೆ ರಿಮ್ ಸೊಟ್ಟಗಾಗಿ ಬ್ರೇಕಿಗೆ ತಗುಲಿ ಸವಾರಿ ಅಲ್ಲಿಗೇ ನಿಲ್ಲಬಹುದು, ಮತ್ತು ಆ ಕಡ್ಡಿ ತೀರ್ಥಹಳ್ಳಿಯಲ್ಲಿ ಹುಡುಕಿದರೆ ಸಿಗುವಂಥದ್ದಲ್ಲ. 36ರಲ್ಲಿ ಒಂದು ಹೋದರೆ ಬ್ರೇಕನ್ನು ಸ್ವಲ್ಪ ಸಡಿಲಿಸಿ ಮನೆ ಸೇರಬಹುದು.

ಬ್ರೇಕಿನ ತೋಳುಗಳು ಸಾಧಾರಣದವೇ, ಪ್ಯಾಡುಗಳು ಮಾತ್ರ ಒಳ್ಳೆಯವು. ಆಗುಂಬೆಯಿಂದ ಸೋಮೇಶ್ವರಕ್ಕೆ ಮಳೆಯಲ್ಲಿ ಇಳಿದ ಮೇಲೆ ಪ್ಯಾಡ್ ತೆಗೆದು ನೋಡಿದರೆ ರಬ್ಬರಿನಲ್ಲಿ ಅಲ್ಯೂಮಿನಿಯಂನ ಬೆಳ್ಳಿಚೂರುಗಳು ಹುದುಗಿರುತ್ತವೆ. ದಬ್ಬಳದಿಂದ ಅವನ್ನು ಕಿತ್ತು ತೆಗೆಯದಿದ್ದರೆ ಮುಂದಿನ ಇಳಿತದಲ್ಲಿ ಅವೇ ರಿಮ್ಮನ್ನು ಕೊರೆಯುತ್ತವೆ. ಎಷ್ಟು ಜೋಪಾನ ಮಾಡಿದರೂ ರಿಮ್ ಸವೆಯುವುದು ತಪ್ಪದು. ಈಗ ಹಿಂದಿನ ರಿಮ್ಮಿನ ಪಕ್ಕಕ್ಕೆ ಅಡಿಪಟ್ಟಿ ಹಿಡಿದರೆ ನಡುವೆ ಬೆಳಕು ಕಾಣುವಷ್ಟು ಕುಳಿ ಬಿದ್ದಿದೆ. ಮುಂದಿನ ಮುಂಗಾರಿಗೆ ಮುಂಚೆ, ಕಡ್ಡಿಯ ಉದ್ದ ಬದಲಾಗದಂತೆ ಒಳವ್ಯಾಸ ಹೊಂದುವ ಸಾಧಾರಣ ಬೆಲೆಯ ರಿಮ್ ಒಂದನ್ನು ತರಿಸಿ, ಹಳೆಯದರ ಪಕ್ಕಕ್ಕೆ ಟೇಪಿನಿಂದ ಅಂಟಿಸಿ, ಅವೇ ಕಡ್ಡಿಗಳನ್ನು ಒಂದೊಂದಾಗಿ ಅದಕ್ಕೆ ದಾಟಿಸಬೇಕಾಗಿದೆ. ಹಬ್ ಬದಲಾಗುವುದಿಲ್ಲ.