ಹಳೇ ಪ್ಲೇಯರ್‌ಗೆ ಡಿವಿಡಿ ಬರೆಯೋರಿಗೆ
ಮಂಡ್ಯ ಕಡೆ ನೆಂಟರ ಮನೆಯ ಹಳೇ ಪ್ಲೇಯರ್‌ಗೆ ಮದುವೆ ವಿಡಿಯೋ ಹಾಕಿಕೊಡೋದಿದ್ರೆ, ಪ್ಲಸ್ ಆರ್ (DVD+R) ಡಿಸ್ಕ್ ತಗೊಳ್ಳಿ. ಬರೆಯೋ ಮೊದಲೇ ಡಿಸ್ಕ್ ಬರೆಯೋ ಸಾಫ್ಟ್‌ವೇರ್ ಇಮ್‌ಜಿಬರ್ನ್‌ನಲ್ಲಿ (ImgBurn) ಬುಕ್ ಟೈಪನ್ನು, ಅಂದ್ರೆ ಡಿಸ್ಕ್ ಯಾವ ಬಗೆಯದು ಅಂತ ಹೇಳೋ ಗುರುತನ್ನು, 'ಡಿವಿಡಿ-ರೋಮ್' ಮಾಡಿ. ಎಷ್ಟೋ ಹಳೇ ಪ್ಲೇಯರ್‌ಗಳು ಡಿಸ್ಕಿನ ಈ ಗುರುತನ್ನೇ ಮೊದಲು ಓದುತ್ತವೆ; ಗೊತ್ತಿಲ್ಲದ ಹೆಸರು ಕಂಡರೆ 'ನೋ ಡಿಸ್ಕ್' ಅಂತ ತೋರಿಸಿ ಸುಮ್ಮನಾಗ್ತವೆ. ಇನ್ನೊಂದು ಬಗೆಯಾದ ಮೈನಸ್ ಆರ್‌ನಲ್ಲಿ (DVD-R) ಈ ಗುರುತು ಬದಲಿಸೋಕಾಗಲ್ಲ. ಹಾಗಾಗಿ ಎರಡೂ ಬಗೆ ಬರೆಯೋ ಡ್ರೈವ್ ನಿಜವಾಗಿ ಉಪಯೋಗಕ್ಕೆ ಬರೋದು ಇಲ್ಲೇ: ಒಂದು ಓಡದಿದ್ರೆ ಇನ್ನೊಂದು ಬರೆದು ನೋಡಬಹುದು. ಆದ್ರೆ ಎಲ್ಲ ಡ್ರೈವ್‌ಗೂ ಗುರುತು ಬದಲಿಸೋ ಸೌಲಭ್ಯ ಇಲ್ಲ, ಡಿಸ್ಕ್ ಬರೆದಾದ ಮೇಲೆ ಪ್ಲಸ್ ಆರ್ ಗುರುತೂ ಬದಲಾಗಲ್ಲ. ಅಳಿಸಿ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ (RW) ಡಿಸ್ಕ್ ಬೆಳಕನ್ನು ಕಡಿಮೆ ಪ್ರತಿಫಲಿಸೋದರಿಂದ, ಲೆನ್ಸ್ ಸೋತ ಪ್ಲೇಯರ್‌ನಲ್ಲಿ ಗುರುತು ಬದಲಿಸಿದ್ರೂ ಓಡದೇ ಇರಬಹುದು.