ಅಜ್ಜನ ಕಾಲದ ಚಿಮಣಿಗೆ ಹೊಸ ಒಲೆ ಜೋಡಿಸಿದ್ದು

ಹೊಳಲ್ಕೆರೆ ತಾಲ್ಲೂಕಿನಲ್ಲಿರುವ ನಮ್ಮದು ಮಾಳಿಗೆ ಮನೆ. ಅಡುಗೆಮನೆ ಮೂಲೆಯಲ್ಲಿ ಅಜ್ಜ ಕಟ್ಟಿಸಿದ ಇಟ್ಟಿಗೆ ಚಿಮಣಿ ಇದೆ. ಗ್ಯಾಸ್ ಬಂದ ಮೇಲೆ ಅದರ ಕೆಳಗಿದ್ದ ಒಲೆ ಕಿತ್ತು ಹಾಕಿದ್ದೆವು. ಅಮ್ಮನಿಗೆ ಮಾತ್ರ ಮುದ್ದೆಗೂ ರೊಟ್ಟಿಗೂ ಸೌದೆ ಉರಿಯೇ ಬೇಕು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಹೊಗೆ ಕುಡಿಯುತ್ತ ಕೂರುತ್ತಿದ್ದಳು. ಅವಳ ಕೆಮ್ಮು ಜಾಸ್ತಿಯಾದಾಗ ಬಾಗಿಲಿರುವ ಕಬ್ಬಿಣದ ಒಲೆಯೊಂದನ್ನು ಮಾಡಿಸಿದೆ. ಚಿಮಣಿ ಹೇಗೂ ಇದೆ, ಪೈಪ್ ತೂರಿಸಿದರೆ ಮುಗೀತು ಅಂದುಕೊಂಡಿದ್ದೆ.

ತೂರಿಸುವ ಮುಂಚೆ ಬುಡದಲ್ಲಿ ಕನ್ನಡಿ ಹಿಡಿದು ನೋಡಿದೆ. ಆಕಾಶ ಕಾಣಲಿಲ್ಲ. ಮೇಲಿನಿಂದ ತಂತಿ ಬ್ರಷ್‌ಗೆ ಕಲ್ಲು ಕಟ್ಟಿ ಇಳಿಬಿಟ್ಟು ಉಜ್ಜಿದಾಗ ಎರಡು ಮಂಕರಿ ಮಸಿ, ಪಾರಿವಾಳದ ಗೂಡು, ಇಟ್ಟಿಗೆ ಚೂರು ಬಿದ್ದವು. ಆಮೇಲೆ ಗಾರೆ ಉದುರಿದ ಸಂದುಗಳು ಕಂಡವು. ಒಂದು ಸಂದಿಗೆ ಟಾರ್ಚ್ ಬಿಟ್ಟವನಿಗೆ ಕೈಕಾಲು ತಣ್ಣಗಾದವು. ಮಾಳಿಗೆಯ ತೊಲೆಯ ತುದಿ ಚಿಮಣಿ ಗೋಡೆಯೊಳಗೇ ಕೂತಿತ್ತು, ಬೆರಳುದ್ದ ಕರಕಲಾಗಿತ್ತು.

ವರ್ಷಗಟ್ಟಲೆ ಕಾದು ಕಾದು ಒಣಗಿದ ಮರಕ್ಕೆ ಬೆಂಕಿ ಹತ್ತಲು ಹೊಸ ಮರಕ್ಕೆ ಬೇಕಾದಷ್ಟು ಶಾಖ ಬೇಕಿಲ್ಲ. ಮೇಲೆ ಒಂದೂವರೆ ಅಡಿ ಮಣ್ಣು, ಒಳಗೆ ಜಂತೆ, ಬೊಂಬು. ಅಲ್ಲಿ ಕಿಡಿ ಕೂತರೆ ಹೊಗೆ ಹೊರಗೆ ಬರುವಷ್ಟರಲ್ಲಿ ಮನೆ ಹೋಗಿರುತ್ತದೆ. ಅಷ್ಟು ವರ್ಷ ಅದರ ಕೆಳಗೇ ನಾವು ಮಲಗಿದ್ದೆವಲ್ಲ ಎಂದು ಈಗಲೂ ನೆನೆಯುತ್ತೇನೆ. ತೊಲೆಗೆ ಕಬ್ಬಿಣದ ಆಸರೆ ಕೊಟ್ಟು, ಕರಕಲು ಭಾಗ ಕೊಯ್ಸಿ, ಇಟ್ಟಿಗೆಗೂ ಮರಕ್ಕೂ ನಡುವೆ ಎರಡು ಇಂಚು ಬಯಲು ಬಿಡಿಸಿದೆ. ಆ ಸಂದಿಯನ್ನು ಕೆಳಗಿನಿಂದ ತಗಡಿನಲ್ಲಿ ಮುಚ್ಚಿಸಿದೆ. ಇಡೀ ಕೆಲಸದಲ್ಲಿ ಹೆಚ್ಚು ಖರ್ಚಾಗಿದ್ದು ಇದಕ್ಕೇ. ಒಲೆಗಿಂತ ಹೆಚ್ಚು. ಕೊಟ್ಟಿದ್ದು ಸರಿ ಅನ್ನಿಸಿದೆ.

ಇನ್ನು ಚಿಮಣಿಯ ಅಳತೆ. ಒಳಗಡೆ ಒಂದಡಿ ಚೌಕ, ಅಂದರೆ 144 ಚದರ ಇಂಚು. ಒಲೆಯ ಹೊಗೆಬಾಯಿ ಆರು ಇಂಚಿನ ದುಂಡು, ಸುಮಾರು 28 ಚದರ ಇಂಚು. ಚಿಮಣಿಯ ಒಳಬಯಲು ಹೊಗೆಬಾಯಿಯ ಮೂರು ಪಟ್ಟು ಮೀರಬಾರದು. ನಮ್ಮದು ಐದು ಪಟ್ಟು. ಅಷ್ಟು ಅಗಲದಲ್ಲಿ ಹೊಗೆ ತಣ್ಣಗಾಗಿ ಮೇಲೇಳುವ ಎಳೆತ ಕಳೆದುಕೊಳ್ಳುತ್ತದೆ, ಡಾಂಬರಿನಂಥ ಅಂಟು ಗೋಡೆಗೆ ಹಿಡಿಯುತ್ತದೆ. ಆ ಅಂಟಿಗೇ ಬೆಂಕಿ ಹತ್ತಿದರೆ ಚಿಮಣಿ ಕುಲುಮೆಯಾಗುತ್ತದೆ. ಹಾಗಾಗಿ ಬುಡದಿಂದ ತುದಿವರೆಗೆ ಆರು ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಪೈಪ್ ಇಳಿಸಿ, ಸುತ್ತಲಿನ ಜಾಗಕ್ಕೆ ಶಾಖ ತಡೆಯುವ ಹಗುರ ಖನಿಜವಾದ ವರ್ಮಿಕ್ಯುಲೈಟ್ ಜತೆ ಸ್ವಲ್ಪ ಸಿಮೆಂಟ್ ಕಲಸಿ ತುಂಬಿಸಿದೆ. ನೆಂಟರೊಬ್ಬರು ಉಳಿದ ಎ.ಸಿ. ಪೈಪ್, ಅಂದರೆ ಕಲ್ನಾರು ಬೆರೆಸಿದ ಸಿಮೆಂಟ್ ಪೈಪ್, ಕೊಡುತ್ತೇನೆಂದರು; ಹೊಗೆ ಕಾಟ ತಪ್ಪಿಸುವ ಅಸ್ತ್ರ ಒಲೆ ಬಂದ ಕಾಲದಲ್ಲಿ ಎಷ್ಟೋ ಮನೆಗೆ ಅದನ್ನೇ ಹಾಕಿದ್ದರು. ಬೇಡವೆಂದೆ. ಜೋರು ಶಾಖಕ್ಕೆ ಅದು ಬಿರಿಯುತ್ತದೆ, ಕೊಯ್ದಾಗ ಏಳುವ ಕಲ್ನಾರಿನ ಧೂಳು ಪುಪ್ಪುಸಕ್ಕೆ ವಿಷ.

ಒಲೆಯಿಂದ ಚಿಮಣಿಗೆ ಹೋಗುವ ಪೈಪನ್ನು ವೆಲ್ಡರ್ ತಲೆಕೆಳಗು ಜೋಡಿಸಿದ್ದ. ನಾಲ್ಕನೇ ದಿನ ಕೀಲಿನಿಂದ ಕರಿ ನೀರು ತೊಟ್ಟಿಕ್ಕಿ ನೆಲ ಹಾಳಾಯಿತು. ಮೇಲಿನ ತುಂಡಿನ ಸಣ್ಣ ತುದಿ ಕೆಳಗಿನ ತುಂಡಿನ ಒಳಕ್ಕೆ ಕೂರಬೇಕು. ಆಗ ಇಳಿದ ಅಂಟು ಒಲೆಗೇ ವಾಪಸು ಬಂದು ಉರಿಯುತ್ತದೆ. ಬಿಚ್ಚಿ ತಿರುಗಿಸಿ ಕೂರಿಸಿ, ಕೀಲಿಗೆ ಮೂರು ಮೂರು ಸ್ಕ್ರೂ ಹಾಕಿದೆವು. ಪೈಪಿನ ಪಕ್ಕದಲ್ಲೇ ಇದ್ದ ಮರದ ನಾಗಂದಿಗೆಯನ್ನು ಒಂದೂವರೆ ಅಡಿಗಿಂತ ಆಚೆ ಸರಿಸಿದೆ.

ಇಷ್ಟಾದರೂ ಆಷಾಢದ ಗಾಳಿ ಬಿಡಲಿಲ್ಲ. ನಮ್ಮ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಗಿರಣಿ ಸುಮ್ಮನೆ ನಿಲ್ಲಿಸಿಲ್ಲ. ಪಡುವಣ ಗಾಳಿ ಬೀಸಿದಾಗಲೆಲ್ಲ ಹೊಗೆ ಅಡುಗೆಮನೆಗೇ ನುಗ್ಗುತ್ತಿತ್ತು. ಮಾಳಿಗೆ ಹತ್ತಿ ನೋಡಿದರೆ ಕಾರಣ ಎದುರಿಗೇ ಇತ್ತು: ಚಿಮಣಿಯಿಂದ ಆರಡಿ ದೂರದ ನೀರಿನ ಟ್ಯಾಂಕ್. ಗಾಳಿ ಅದಕ್ಕೆ ಬಡಿದು ಕೆಳಕ್ಕೆ ಮಗುಚುತ್ತಿತ್ತು. ಚಿಮಣಿ ಮಾಳಿಗೆಯಿಂದ ಮೂರಡಿ ಮೇಲಿದ್ದರೆ ಸಾಲದು, ಹತ್ತು ಅಡಿಯೊಳಗಿನ ಯಾವುದೇ ಎತ್ತರಕ್ಕಿಂತ ಎರಡಡಿ ಮೇಲಿರಬೇಕು. ಪೈಪ್ ಏರಿಸಿ, ತಂತಿ ಕಟ್ಟಿ ಬಿಗಿದು, ಹಕ್ಕಿ ಹೋಗದಂತೆ ಜಾಲರಿಯಿರುವ ಟೋಪಿ ಹಾಕಿದೆ. ಹೊಗೆ ನಿಂತಿತು.

ಈಗ ಅಮ್ಮ ಒಲೆ ಹೊತ್ತಿಸುವ ಮುಂಚೆ ಊದುಬತ್ತಿ ಹಚ್ಚಿ ಬಾಗಿಲ ಬಳಿ ಹಿಡಿಯುತ್ತಾಳೆ. ಹೊಗೆ ಒಳಕ್ಕೆ ಬಾಗಿದರೆ ಸರಿ. ಈಚೆ ಬಂದರೆ ಪೈಪ್ ಬಿಸಿಯಾಗಲು ಒಂದು ಹಾಳೆ ಕಾಗದ ಉರಿಸುತ್ತಾಳೆ. ಕಿಟಕಿ ನಾಲ್ಕು ಬೆರಳು ತೆರೆದೇ ಇರುತ್ತದೆ. ಮಲಗುವ ಕೋಣೆಯ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿದ್ದೇನೆ, ಯಾಕೆಂದರೆ ಆ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸೌದೆ ಜಾಲಿಯದು, ಸೀಳಿ ಒಂದು ಬೇಸಿಗೆ ಪೂರ್ತಿ ಒಣಗಿಸಿದ್ದು. ಹಸಿ ಕಟ್ಟಿಗೆ ಒಲೆಗೆ ಮುಟ್ಟಿಸುವುದಿಲ್ಲ.

ಯುಗಾದಿಗೆ ಮುಂಚೆ ಚಿಮಣಿ ಉಜ್ಜಿದಾಗ ಬಿದ್ದದ್ದು ಅರ್ಧ ಸೇರಿನಷ್ಟು ಒಣ ಮಸಿ, ಅಂಟಿನ ಸುಳಿವಿರಲಿಲ್ಲ. ಅವತ್ತು ಸಂಜೆ ಉರಿ ಜೋರಾಗಿದ್ದಾಗ ಏಣಿ ಹತ್ತಿ ತೊಲೆಯ ತುದಿಗೆ ಅಂಗೈ ಇಟ್ಟೆ. ಸ್ವಲ್ಪ ಬೆಚ್ಚಗಿತ್ತು, ಅಷ್ಟೇ.